ವಿಧಿಯೂ ಪ್ರವೃತ್ತಿಯೂ

1947ರವರೆಗೆ ಕಡೂರು ಜಿಲ್ಲೆಯೆನಿಸಿದ್ದ ಸೀಮೆಯ ಶಾಸನಗಳನ್ನು ರೈಸ್ ಮಹಾಶಯರು 1901ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 6ನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಡೂರು, ತರೀಕೆರೆ, ಅಜ್ಜಂಪುರಗಳ ಸುತ್ತಣ ನಾಡು ಅದಕ್ಕೆ ಸೇರಿದುದು. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವು ಇಂದಿಗೂ ನಿಂತಿರುವುದು.

ಕನ್ನಡನಾಡಿನ ದಾನಶಾಸನಗಳ ಕೊನೆಯಲ್ಲಿ ಎರಡು ಬಗೆಯ ಮಾತುಗಳು ರೂಢಿಯಾಗಿ ಬರುವುವು. ದಾನವೆಂಬುದು ಅರಸರೆಲ್ಲರಿಗೂ ಸಮಾನವಾದ ಧರ್ಮಸೇತು, ಅದನ್ನು ಕಾಲಕಾಲಕ್ಕೆ ಕಾಪಾಡತಕ್ಕದ್ದು ಎಂಬುದು ಒಂದು. ದತ್ತಭೂಮಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಕ್ರಿಮಿಯಾಗುವನೆಂಬುದು ಇನ್ನೊಂದು. ದಾನಿಯು ಗತಿಸಿದ ಬಳಿಕ ಹೇಳಿ ಮಾಡಿಸುವವರಿಲ್ಲ. ಆಗ ಮುಂದಿನವನು ದಾನವನ್ನು ಉಳಿಸಬೇಕಾದುದು ಕರ್ತವ್ಯವೆಂದೋ, ಫಲವನ್ನು ನೆನೆದೋ?

ಮೀಮಾಂಸಕರು ಬಹುಕಾಲ ವಾದಿಸಿದ ಪ್ರಶ್ನೆ ಇದೇ. ಪ್ರಭಾಕರನ ಮತದಲ್ಲಿ ವೇದವಿಧಿಯು ತಿಳಿಸುವ ನಿಯೋಗವೇ ಪ್ರವರ್ತಕವು. 'ಇದು ನನ್ನಿಂದ ಆಗತಕ್ಕದ್ದು' ಎಂಬ ಅರಿವಿಗಿಂತ ಬೇರೆ ಹೇತು ಬೇಡ. ಮಂಡನಮಿಶ್ರನು ವಿಧಿವಿವೇಕದಲ್ಲಿ ಇದನ್ನು ಒಪ್ಪಲಿಲ್ಲ. ಕರ್ಮವು ಇಷ್ಟಸಾಧನವೆಂದು ತಿಳಿಸುವುದರಿಂದಲೇ ವಿಧಿಯು ಮನುಷ್ಯನನ್ನು ಹೊರಡಿಸಬಲ್ಲುದೆಂದು ಅವನ ಸಿದ್ಧಾಂತ. ವೈದ್ಯನು ಪಥ್ಯವನ್ನು ಹೇಳಿದರೆ ರೋಗಿಯು ಕೇಳುವುದು ಅಪ್ಪಣೆಗೆ ಅಂಜಿ ಅಲ್ಲ. ಆರೋಗ್ಯಕ್ಕೆ ಅದೇ ದಾರಿಯೆಂದು ನಂಬಿ.

ಈ ಮಂಡನನೇ ಶಂಕರಾಚಾರ್ಯರಿಗೆ ಸೋತು ಸುರೇಶ್ವರನೆಂಬ ಹೆಸರಿನಿಂದ ಶೃಂಗೇರಿಯ ಪೀಠವನ್ನೇರಿದನೆಂದು ಸಂಪ್ರದಾಯವು ಹೇಳುವುದು. ಶೃಂಗೇರಿಯೂ ಅದೇ ಹಳೆಯ ಕಡೂರು ಜಿಲ್ಲೆಯದು. ಆದರೆ ಮೈಸೂರಿನ ಪ್ರೊ. ಹಿರಿಯಣ್ಣನವರು 1923ರಲ್ಲಿ ಇಬ್ಬರ ಮತಭೇದವನ್ನು ತೋರಿಸಿ, ಅವರು ಒಬ್ಬನೇ ಆಗಿರಲಾರರೆಂದು ವಾದಿಸಿದರು. ಬ್ರಹ್ಮಸಿದ್ಧಿಯಲ್ಲಿ ಮಂಡನನು ವಾಕ್ಯದಿಂದ ಜ್ಞಾನವುಂಟಾದ ಮೇಲೂ ಉಪಾಸನೆಯು ಬೇಕೆನ್ನುವನು. ವಾಕ್ಯಜನ್ಯ ಜ್ಞಾನವೇ ಸಾಕು, ಅನಂತರ ಮಾಡತಕ್ಕದ್ದೇನೂ ಉಳಿಯದೆಂದು ನೈಷ್ಕರ್ಮ್ಯಸಿದ್ಧಿಯ ಸುರೇಶ್ವರನು. ಬಯಸತಕ್ಕದ್ದೇ ಇಲ್ಲದವನನ್ನು ಯಾವ ವಿಧಿಯು ತಾನೆ ಹೊರಡಿಸೀತು?

ಮಂಡನನ ಮತಕ್ಕೆ ಶಾಸನದ ಕಲ್ಲೇ ಒಂದು ಕಠಿಣಪರೀಕ್ಷೆಯನ್ನು ಒಡ್ಡುವುದು. ಕ್ರಿಮಿಜನ್ಮವನ್ನು ನಂಬದ ಬಲಿಷ್ಠನಿಗೆ ಭೂಮಿಯೇ ಇಷ್ಟ, ಅವನನ್ನು ತಡೆಯುವುದೇನು? ಪ್ರಭಾಕರನ ಮಾತಿನ ತೂಕವು ಇಲ್ಲಿ ಗೊತ್ತಾಗುವುದು. ಆದರೆ ಬರಿಯ ಕರ್ತವ್ಯವೆಂದರೆ ಎಷ್ಟು ಮಂದಿ ಕೈ ತಡೆದಾರು? ಶಾಸನವನ್ನು ಬರೆಯಿಸಿದವರು ಈ ವಾದದ ತೀರ್ಪನ್ನು ಕಾಯಲಿಲ್ಲ. ಸೇತುವೆಯನ್ನು ಕಾಪಾಡೆಂಬ ಮಾತನ್ನೂ, ಕೆಡಿಸಿದವನ ಗತಿಯನ್ನೂ ಒಂದೇ ಕಲ್ಲಿನಲ್ಲಿ ಕೊರೆಯಿಸಿದರು.