ಹಳೇ ಟಿಲ್ಲರ್ ಬಿಚ್ಚುವುದೋ, ಸೆಕೆಂಡ್ ಹ್ಯಾಂಡ್ ತರುವುದೋ

ನಮ್ಮ ಸಾಗರದ ಕಡೆ ಮಾರಾಟಕ್ಕಿರುವ ಸೆಕೆಂಡ್ ಹ್ಯಾಂಡ್ ಟಿಲ್ಲರ್‌ಗಳಲ್ಲಿ, ನಾನು ನೋಡಿದ ಮಟ್ಟಿಗೆ, ಪೂರ್ತಿ ಕೆಟ್ಟವು ಕಡಿಮೆ. ಗದ್ದೆಯೇ ಹೋಯಿತೆಂದು ಮಾರುವವರು ಹೆಚ್ಚು. ಭತ್ತದ ಗದ್ದೆಗೆ ಅಡಿಕೆ ಸಸಿ ಇಟ್ಟ ಮೇಲೆ ಟಿಲ್ಲರಿಗೆ ಕೊಟ್ಟಿಗೆಯ ಮೂಲೆಯೇ ಗತಿ. ಇನ್ನೂ ಎರಡು ಎಕರೆ ಗದ್ದೆ ಉಳಿಸಿಕೊಂಡ ನನ್ನಂಥವನಿಗೆ ಅದೊಂದು ಆಸೆ: ಮನೆಯದನ್ನು ಬಿಚ್ಚಿ ರಿಪೇರಿ ಮಾಡಿಸುವ ಬದಲು ಪಕ್ಕದೂರಿನದನ್ನೇ ತಂದುಬಿಡೋಣ ಎನಿಸುತ್ತದೆ.

ಈ ಯಂತ್ರ ಹುಟ್ಟಿದ್ದು ಮಾತ್ರ ಗದ್ದೆಗಾಗಿ ಅಲ್ಲ. ತಿರುಗುವ ಅಲಗಿನಿಂದ ಮಣ್ಣು ಅಗೆಯುವ ಯಂತ್ರವನ್ನು 1910ರ ಆಸುಪಾಸಿನಲ್ಲಿ ಸ್ವಿಟ್ಜರ್ಲೆಂಡಿನ ಕಾನ್ರಾಡ್ ಫೊನ್ ಮೆಯೆನ್‌ಬುರ್ಗ್ ರೂಪಿಸಿದ. 1912ರಲ್ಲಿ ಆಸ್ಟ್ರೇಲಿಯಾದ ಕ್ಲಿಫರ್ಡ್ ಹೋವರ್ಡ್ ತನ್ನ ದಾರಿಯಲ್ಲಿ ಅದೇ ಪ್ರಯೋಗ ಶುರುಮಾಡಿದ. ಅದನ್ನು ಕೆಸರಿಗೆ ಇಳಿಸಿ ಪಳಗಿಸಿದವರು ಜಪಾನಿನವರು. ಎರಡನೇ ಮಹಾಯುದ್ಧದ ನಂತರ ಅಲ್ಲಿ ಭೂಸುಧಾರಣೆಯಾಗಿ ಗೇಣಿದಾರರಿಗೆ ಜಮೀನು ಸಿಕ್ಕಿತು. ದೊಡ್ಡ ಟ್ರ್ಯಾಕ್ಟರ್ ತಿರುಗಲಾಗದ ಆ ತುಂಡು ಗದ್ದೆಗಳಲ್ಲಿ ಟಿಲ್ಲರ್ ಬೇರೂರಿತು. ನಮ್ಮಲ್ಲಿ 1974ರ ಕಾಯ್ದೆಯಿಂದ ಗೇಣಿ ಗದ್ದೆ ಉಳುವವರ ಕೈಗೆ ಬಂತು. ಅಷ್ಟರಲ್ಲಿ ಯಂತ್ರವೂ ಹತ್ತಿರ ಬಂದಿತ್ತು. ಬೆಂಗಳೂರಿನಲ್ಲಿ 1967ರಲ್ಲಿ ಶುರುವಾದ ವಿ.ಎಸ್.ಟಿ. ಕಂಪನಿ ತನ್ನ ‘ಶಕ್ತಿ’ ಟಿಲ್ಲರಿಗೆ ಜಪಾನಿನ ಮಿತ್ಸುಬಿಷಿಯ ತಾಂತ್ರಿಕತೆ ತಂದರೆ, 1973ರಲ್ಲಿ ಕೇರಳ ಸರ್ಕಾರ ಅತ್ತಾಣಿಯಲ್ಲಿ ಕಟ್ಟಿದ ಕಾಮ್ಕೊ ಕುಬೋಟಾದ್ದನ್ನು ತಂದಿತು. ನಮ್ಮೂರಲ್ಲಿ ಈಗಲೂ ಟಿಲ್ಲರ್ ಎಂದರೆ ಮೊದಲ ಪ್ರಶ್ನೆ, "ಶಕ್ತಿಯೋ, ಕಾಮ್ಕೊವೋ?"

ನಮ್ಮನೆಯದು ಶಕ್ತಿ. ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್, ಹ್ಯಾಂಡಲ್ ಹಾಕಿ ತಿರುಗಿಸಿದರೆ ಸ್ಟಾರ್ಟು. ಕೋಣಗಳ ಹೂಟಿ ಬಿಟ್ಟು ಇದಕ್ಕೆ ಕೈಹಾಕಿದಾಗ ಅಪ್ಪಯ್ಯನಿಗೆ ಕಷ್ಟವಾದದ್ದು ಹೂಡುವುದಲ್ಲ, ಇಳಿಜಾರು. ಸಮತಟ್ಟಿನಲ್ಲಿ ಎಡಗಡೆಯ ಸ್ಟೇರಿಂಗ್ ಕ್ಲಚ್ ಹಿಡಿದರೆ ಗಾಡಿ ಎಡಕ್ಕೆ ತಿರುಗುತ್ತದೆ. ಟ್ರೈಲರಿಗೆ ಗೊಬ್ಬರ ತುಂಬಿಕೊಂಡು ಇಳಿಯುವಾಗ ಅದೇ ಕ್ಲಚ್ ಹಿಡಿದರೆ ಬಲಕ್ಕೆ! ಕ್ಲಚ್ ಬಿಟ್ಟ ಗಾಲಿಗೆ ಎಂಜಿನ್ನಿನ ತಡೆ ತಪ್ಪಿ ಅದೇ ಮುಂದೋಡುತ್ತದೆ. ಕೋಣಕ್ಕೆ ಈ ಬುದ್ಧಿ ಇರಲಿಲ್ಲ ಎಂದು ಅಪ್ಪಯ್ಯ ಬೈಯುತ್ತಿದ್ದರು.

ಎಂಜಿನ್ ಸವೆದರೆ ನಮ್ಮ ಕಡೆ ಯಾರೂ ಹೆದರುವುದಿಲ್ಲ. ನೀಲಿ ಹೊಗೆ ಬಂತೋ, ಹ್ಯಾಂಡಲ್ ತಿರುಗಿಸುವಾಗ ಕಂಪ್ರೆಶನ್ನಿನ ಒದೆ ಕೈಗೆ ಸಿಗಲಿಲ್ಲವೋ, ಲೈನರ್, ಪಿಸ್ಟನ್, ರಿಂಗು ಹೊಸದು ಹಾಕಿದರಾಯಿತು. ಪೇಟೆಯಲ್ಲಿ ಸಾಮಾನು ಸಿಗುತ್ತದೆ, ಅಂಗಳದಲ್ಲೇ ಬಿಚ್ಚಬಹುದು. ಈ ಯಂತ್ರಗಳು ಇಷ್ಟು ಕಾಲ ಬಾಳಿದ್ದು ಗಟ್ಟಿಯೆಂದಲ್ಲ, ಬಿಚ್ಚಲು ಬರುವುದರಿಂದ. ಹೊಸದಕ್ಕೆ ಸಬ್ಸಿಡಿ ಕೊಡುವ ಇಲಾಖೆಗಳು ಹಳೆಯದರ ರಿಪೇರಿಗೂ ಒಂದಿಷ್ಟು ಕೊಟ್ಟಿದ್ದರೆ ಎಷ್ಟೋ ಟಿಲ್ಲರ್ ಗುಜರಿಗೆ ಹೋಗುತ್ತಿರಲಿಲ್ಲ ಎಂಬುದು ನನ್ನ ತಕರಾರು.

ಹೆದರಬೇಕಾದದ್ದು ಗೇರ್‌ಬಾಕ್ಸಿಗೆ; ನಮ್ಮದು ಕೆಟ್ಟದ್ದೂ ಅಲ್ಲೇ. ಗಾಲಿಯ ಆ್ಯಕ್ಸಲ್ಲಿನ ಆಯಿಲ್ ಸೀಲು ಹೋದರೆ ಕೆಸರುನೀರು ಒಳಗಿಳಿದು ಬೇರಿಂಗು, ಗೇರಿನ ಹಲ್ಲು ಎರಡನ್ನೂ ತಿನ್ನುತ್ತದೆ. ಪಕ್ಕದೂರಿನ ಟಿಲ್ಲರ್ ನೋಡಲು ಹೋದಾಗ ಅದರ ಬಣ್ಣ ಹೊಸದಾಗಿತ್ತು, ಎಂಜಿನ್ ಶಬ್ದ ನಯವಾಗಿತ್ತು. ನಮ್ಮ ಮೆಕ್ಯಾನಿಕ್ ಎರಡನ್ನೂ ಕಿವಿಗೆ ಹಾಕಿಕೊಳ್ಳದೆ ಗೇರ್‌ಬಾಕ್ಸಿನ ಬೋಲ್ಟ್ ಸಡಿಲಿಸಿದರು. ಇಳಿದ ಆಯಿಲ್ ಹಾಲು ಹೆಚ್ಚಾದ ಕಾಫಿಯ ಬಣ್ಣ. "ನೋಡಿ ಹೆಗಡೇರೆ, ಇದು ಗದ್ದೆ ಬಿಟ್ಟು ಬಂದಿದ್ದಲ್ಲ, ಗದ್ದೆನ್ನೇ ಹೊಟ್ಟೇಲಿ ಇಟ್ಕೊಂಡು ಬಂದಿದ್ದು" ಎಂದರು. ಮಾಲೀಕರು ಸುಮ್ಮನೆ ಕವಳ ಹಾಕಿದರು.

ನಡುವೆ ಚೀನಾದ ಅಗ್ಗದ ಟಿಲ್ಲರ್‌ಗಳೂ ಬಂದವು. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಟಿಲ್ಲರ್ ಮತ್ತು ಅದರ ಮುಖ್ಯ ಬಿಡಿಭಾಗಗಳ ಆಮದಿಗೆ ನಿರ್ಬಂಧ ಹಾಕಿತು. ಅಂಥದ್ದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುವವರು ಬೆಲೆ ಕೇಳುವ ಮೊದಲು ಸಾಮಾನು ಎಲ್ಲಿ ಸಿಗುತ್ತದೆಂದು ಕೇಳುವುದು ವಾಸಿ.

ನಾವು ಕೊನೆಗೆ ತಂದದ್ದು ಮತ್ತೊಂದು ಶಕ್ತಿ. ಅದರ ಎಂಜಿನ್ ಹೊಗೆಯುಗುಳುತ್ತಿತ್ತು, ಆದರೆ ಬರೀ ಟ್ರೈಲರ್ ಎಳೆದದ್ದರಿಂದ ಗೇರ್‌ಬಾಕ್ಸಿನ ಆಯಿಲ್ ಶುದ್ಧವಿತ್ತು. ಗುಜರಿಗಿಂತ ಸ್ವಲ್ಪ ಮೇಲಿನ ದರ. ಅದರ ಗೇರ್‌ಬಾಕ್ಸಿಗೆ ನಮ್ಮ ಎಂಜಿನ್ ಕೂರಿಸಿದೆವು, ಬೆಲ್ಟುಗಳನ್ನು ಹೊಸದು ಹಾಕಿದೆವು. ಉಳಿದ ಎಂಜಿನ್ನಿಗೆ ರಿಂಗು ಬದಲಿಸಿ ಹಳ್ಳದ ಪಕ್ಕ ಪಂಪಿಗೆ ಕಟ್ಟಿದ್ದೇವೆ. ಕರೆಂಟು ಕೈಕೊಟ್ಟ ದಿನ ತೋಟಕ್ಕೆ ನೀರು ಅದರದ್ದೇ.