ಹರಿಹರದ ಸೇತುವೆ ಮತ್ತು ಮೈಸೂರಿನ ಕಪ್

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಸಂತೋಷ್ ಟ್ರೋಫಿ ಫುಟ್‌ಬಾಲನ್ನ ಕರ್ನಾಟಕ ಎಷ್ಟು ಸಲ ಗೆದ್ದಿದೆ? 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ್ದು ನಿಮಗೆ ನೆನಪಿರಬಹುದು. ಆದ್ರೆ ಅದೊಂದೇ ಅಲ್ಲ. ಒಟ್ಟು ಐದು. ಉಳಿದ ನಾಲ್ಕು ‘ಮೈಸೂರು’ ಅನ್ನೋ ಹೆಸರಲ್ಲಿವೆ.

ಮೊದಲನೇದು 1946-47ರದ್ದು. ಮಹಾಯುದ್ಧ ಆಗಷ್ಟೇ ಮುಗಿದಿತ್ತು, ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ. ಬೆಂಗಳೂರಲ್ಲಿ ಫೈನಲ್, ಎದುರಾಳಿ ಬಂಗಾಳ. ಫುಟ್‌ಬಾಲ್ ಅಂದ್ರೆ ಬಂಗಾಳ ಅನ್ನೋ ಕಾಲ ಅದು. ಮೊದಲ ಪಂದ್ಯದಲ್ಲಿ ಗೋಲೇ ಇಲ್ಲ, ಡ್ರಾ. ಮರುಪಂದ್ಯದಲ್ಲಿ ಮೈಸೂರು 2-1ರಿಂದ ಗೆದ್ದಿತು. 1952-53ರಲ್ಲಿ ಮತ್ತೆ ಬೆಂಗಳೂರಲ್ಲೇ, ಮತ್ತೆ ಬಂಗಾಳವನ್ನೇ ಸೋಲಿಸಿ ಎರಡನೇ ಕಪ್.

ಇವೆರಡರ ನಡುವೆ 1948ರ ಲಂಡನ್ ಒಲಿಂಪಿಕ್ಸ್ ಬಂತು. ಬಹುತೇಕ ಬರಿಗಾಲಲ್ಲೇ ಆಡಿದ ಭಾರತ ಫ್ರಾನ್ಸ್ ಎದುರು 1-2ರಿಂದ ಸೋತಿತು. ನಮ್ಮ ಆ ಒಂದು ಗೋಲು ಹೊಡೆದವರು ಮೈಸೂರಿನ ಆಟಗಾರ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಸಿಕ್ಕ ಮೊದಲ ಗೋಲು ಅದು.

ಇದಕ್ಕೂ ದಾವಣಗೆರೆಗೂ ಏನು ಸಂಬಂಧ ಅಂತೀರಾ? ಹಳೇ ನಕ್ಷೆ ನೋಡ್ರಿ. ಆಗ ದಾವಣಗೆರೆ, ಹರಿಹರ ಎರಡೂ ಚಿತ್ರದುರ್ಗ ಜಿಲ್ಲೆಯ ಊರುಗಳು, ಮೈಸೂರು ಸಂಸ್ಥಾನದ ಅಂಚು. ಹರಿಹರದಲ್ಲಿ ತುಂಗಭದ್ರೆ ದಾಟಿದ್ರೆ ರಾಣೆಬೆನ್ನೂರು ಕಡೆ ಮುಂಬೈ ಪ್ರಾಂತ್ಯ. ಈ ಕಡೆ ಹರಪನಹಳ್ಳಿಗೆ ಹೋದ್ರೆ ಮದ್ರಾಸ್ ಪ್ರಾಂತ್ಯ. ಒಂದೇ ಕನ್ನಡ ಮಾತಾಡೋ, ಹೆಣ್ಣು ಕೊಟ್ಟು ತರೋ ಜನ. ರಾಜ್ಯದ ಹೆಸರಲ್ಲಿ ನೋಡಿದ್ರೆ ಮೂರು ಬೇರೆ ಬೇರೆ ಟೀಮ್. ಮೊದಲ ಎರಡು ಕಪ್ ಬಂದಾಗ ಹರಿಹರದವರಿಗೆ ಅದು ‘ನಮ್ದು’. ಸೇತುವೆ ಆಚೆಯವರಿಗೆ ಪಕ್ಕದ ರಾಜ್ಯದ್ದು!

1953ರಲ್ಲಿ ಹರಪನಹಳ್ಳಿ, 1956ರಲ್ಲಿ ರಾಣೆಬೆನ್ನೂರು ಮೈಸೂರು ರಾಜ್ಯಕ್ಕೆ ಸೇರಿದವು. 1967-68, 1968-69ರಲ್ಲಿ ಸತತ ಎರಡು ಸಲ ಗೆದ್ದಾಗ ಕಪ್ ಹೊಳೆಯ ಎರಡೂ ದಡದ್ದು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯ್ತು. ಆಮೇಲೆ ಐದನೇ ಕಪ್‌ಗೆ 2023ರ ತನಕ ಕಾಯಬೇಕಾಯ್ತು.

ನಾನು ಬಿಕಾಂ ಓದಿದವನು. ಕಂಪನಿ ಹೆಸರು ಬದಲಾದ್ರೆ ಹಳೇ ಲೆಕ್ಕ ಅಳಿಸಿ ಹೋಗಲ್ಲ, ಮುಂದಿನ ಪುಟಕ್ಕೆ ಬರುತ್ತೆ ಅಷ್ಟೇ. ಫುಟ್‌ಬಾಲ್ ಲೆಕ್ಕದಲ್ಲಿ ಮಾತ್ರ ನಾವು ಆ ನಾಲ್ಕು ಕಪ್ಪನ್ನ ಹಳೇ ಪುಟದಲ್ಲೇ ಬಿಟ್ಟು ಬಂದಿದೀವಿ. ಮನೇಲಿ ಎಂಬತ್ತು ದಾಟಿದ ಅಜ್ಜ ಇದ್ರೆ ಇವತ್ತೇ ಕೇಳಿ: ‘ಅಜ್ಜಾ, ಮೈಸೂರು ಟೀಮ್ ನೆನಪೈತಾ?’ ಅವರು ಹೇಳಿದ್ದನ್ನ ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ.