ಕಾಲು ಮೈಲಿಯ ಓಟವೂ ಕಿಡಿಯ ಮುಹೂರ್ತವೂ

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ, ಮ್ಯುರಾಕ್, ಎಲ್ ಮಿರಾಜ್ ಮೊದಲಾದ ಬತ್ತಿದ ಸರೋವರಗಳ ಗಟ್ಟಿ ನೆಲದ ಮೇಲೆ, ಹಳೆಯ ಫೋರ್ಡ್ ಗಾಡಿಗಳ ಹೊರಮೈಯನ್ನು ಕಳಚಿ, ಎಂಜಿನ್ನನ್ನು ತಿದ್ದಿ, ಅವು ಎಷ್ಟು ವೇಗವಾಗಿ ಓಡಬಲ್ಲವೆಂದು ಪರೀಕ್ಷಿಸುತ್ತಿದ್ದ ತರುಣರ ಹವ್ಯಾಸವೊಂದು ಎರಡನೆಯ ಮಹಾಯುದ್ಧಕ್ಕೆ ಮುಂಚೆಯೇ ಮೊಳೆತು, 1937ರಲ್ಲಿ ಒಂದು ಸಂಘದ ರೂಪವನ್ನು ತಳೆದು, ಯುದ್ಧಾನಂತರ ಊರೂರಿನ ಬೀದಿಗಳಿಗೂ ಹಾಳುಬಿದ್ದ ವಿಮಾನದಾರಿಗಳಿಗೂ ಹರಡಿ, ಕಡೆಗೆ 1950ರಲ್ಲಿ ಸ್ಯಾಂಟಾ ಆನಾದ ವಿಮಾನ ನಿಲ್ದಾಣದಲ್ಲಿ ಹಣ ಕೊಟ್ಟು ನೋಡತಕ್ಕ ಕ್ರೀಡೆಯಾಗಿ ನೆಲೆನಿಂತಿತು. ಮಾರನೆಯ ವರ್ಷವೇ ವಾಲಿ ಪಾರ್ಕ್ಸ್ ಎಂಬವರ ಮುಂದಾಳುತನದಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಹುಟ್ಟಿ, ಆ ಆಟಕ್ಕೆ ಕಟ್ಟುಪಾಡುಗಳನ್ನು ವಿಧಿಸಿತು. ಡ್ರ್ಯಾಗ್ ರೇಸ್ ಎಂದು ಹೆಸರಾದ ಇದರ ನಿಯಮ ಅತಿ ಸರಳವಾದುದು: ಎರಡು ಗಾಡಿಗಳು ನಿಂತ ನಿಲುವಿನಿಂದ ಹೊರಡತಕ್ಕದ್ದು, 1,320 ಅಡಿಗಳ, ಎಂದರೆ ಕಾಲು ಮೈಲಿಯ, ಆಚೆಯ ಗೆರೆಯನ್ನು ಮೊದಲು ದಾಟಿದ್ದು ಗೆದ್ದಿತು. ತಿರುವೆಂಬುದಿಲ್ಲ, ವಿಶ್ರಾಂತಿಯೆಂಬುದಿಲ್ಲ, ತಪ್ಪಿದ್ದನ್ನು ಮುಂದಿನ ಸುತ್ತಿನಲ್ಲಿ ಸರಿಪಡಿಸಿಕೊಳ್ಳೋಣವೆಂಬ ಆಶೆಗೂ ಎಡೆಯಿಲ್ಲ.

ಪ್ರೇಕ್ಷಕರ ಕಣ್ಣುಕಿವಿಗಳನ್ನು ತುಂಬುವುದು ಹೊಗೆಯೂ ಗರ್ಜನೆಯೂ ಆದರೂ, ಕೈಗೆ ಎಣ್ಣೆಮಸಿ ಹಚ್ಚಿಕೊಂಡು ಗಾಡಿಯ ಪಕ್ಕದಲ್ಲಿ ನಿಂತವರು ಅಂದಿನಿಂದ ಇಂದಿನವರೆಗೆ ಬಿಡದೆ ವಾದಿಸುತ್ತ ಬಂದಿರುವ ವಿಷಯ ಸಿಲಿಂಡರಿನೊಳಗೆ ಹಾರುವ ಕಿಡಿಯದು. ಇಂಧನಕ್ಕೆ ಹತ್ತಿದ ಉರಿ ವ್ಯಾಪಿಸುವುದಕ್ಕೆ ಕಿಂಚಿತ್ತಾದರೂ ಕಾಲ ಬೇಕಾದುದರಿಂದ, ಪಿಸ್ಟನ್ ತನ್ನ ಮೇಲ್ತುದಿಯನ್ನು ಮುಟ್ಟುವುದಕ್ಕೆ ಮುಂಚೆಯೇ ಕಿಡಿ ಹಾರಬೇಕು. ತೀರ ಮುಂಚೆ ಹಾರಿದರೆ ಉರಿದ ಅನಿಲ ಮೇಲೇರುತ್ತಿರುವ ಪಿಸ್ಟನ್ನಿಗೇ ಎದುರುಬಿದ್ದು ಅದನ್ನು ಒಡೆಯುವುದು, ತಡವಾದರೆ ಶಕ್ತಿ ಚಕ್ರಕ್ಕೆ ಸಲ್ಲದೆ ಹೊಗೆಗೊಳವೆಯಲ್ಲಿ ವ್ಯರ್ಥವಾಗಿ ಹೋಗುವುದು. ನಿಮಿಷಕ್ಕೆ 8,000 ಸುತ್ತು ತಿರುಗುವ ಎಂಟು ಸಿಲಿಂಡರುಗಳ ಎಂಜಿನ್ನಿನಲ್ಲಿ ಸೆಕೆಂಡಿಗೆ 533 ಕಿಡಿಗಳು ಬೇಕು. ಅಲ್ಲಿ ಸುತ್ತಿನ ಒಂದು ಡಿಗ್ರಿಯ ತಪ್ಪೆಂದರೆ ಸೆಕೆಂಡಿನ 48,000ದಲ್ಲೊಂದು ಭಾಗದ ತಪ್ಪು. ಹೀಗಿರಲು ಯಾವ ಕಿಡಿಯಂತ್ರವನ್ನು ಕೂಡಿಸುವುದೆಂಬ ಪ್ರಶ್ನೆ ಕೇವಲ ಅಂಗಡಿಯ ಚೌಕಾಶಿಯ ಮಾತಾಗಿ ಉಳಿಯಲಿಲ್ಲವೆಂಬುದರಲ್ಲಿ ಆಶ್ಚರ್ಯವೇನು?

ಈ ಕಸುಬಿಗೆ ಪೂರ್ವಾರ್ಜಿತವಾಗಿ ಬಂದ ಮಾರ್ಗಗಳು ಎರಡು. ಜರ್ಮನಿಯಲ್ಲಿ ರಾಬರ್ಟ್ ಬಾಷ್‌ರವರ ಕಾರ್ಖಾನೆಯ ಗಾಟ್‌ಲೋಬ್ ಹೊನೋಲ್ಡ್ 1902ರ ವೇಳೆಗೆ ಸಿದ್ಧಪಡಿಸಿದ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಮೊದಲನೆಯದು. ಅಯಸ್ಕಾಂತವನ್ನೋ ಅದರೆದುರಿನ ತಂತಿಯ ಸುರುಳಿಯನ್ನೋ ಎಂಜಿನ್ನಿನಿಂದಲೇ ತಿರುಗಿಸಿ, ಅದರಿಂದ ಹುಟ್ಟಿದ ವಿದ್ಯುತ್ತನ್ನೇ ಪ್ಲಗ್ಗಿಗೆ ಕಳುಹಿಸುವ ಆ ಯಂತ್ರ ಬ್ಯಾಟರಿಯ ಹಂಗಿಲ್ಲದ ಸ್ವಾವಲಂಬಿ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿನಲ್ಲಿ ಕ್ಯಾಡಿಲಾಕ್ ಗಾಡಿಗಳಿಗೆ ಒದಗಿಸಿದ ಬ್ಯಾಟರಿ, ಕಾಯಿಲ್, ಪಾಯಿಂಟುಗಳ ವ್ಯವಸ್ಥೆ ಎರಡನೆಯದು. ಸಂಸಾರಿಗರ ಕಾರಿಗೆ ಎರಡನೆಯದೇ ಒಗ್ಗಿತು; ಏಕೆಂದರೆ ಎಂಜಿನ್ ಮೆಲ್ಲಗೆ ತಿರುಗುವಾಗ ಮ್ಯಾಗ್ನೆಟೊದ ಕಿಡಿ ನಿಶ್ಶಕ್ತ, ಬ್ಯಾಟರಿಯ ಕಿಡಿ ಆಗಲೇ ಸಶಕ್ತ. (ಅಮೆರಿಕದ ಆ ಅಸೋಸಿಯೇಷನ್ ಹುಟ್ಟಿದ 1951ರಲ್ಲಿಯೇ ನಮ್ಮ ಬೆಂಗಳೂರಿನಲ್ಲಿ ಬಾಷ್‌ನವರ ಸಹಯೋಗದ ಮೈಕೊ ಸಂಸ್ಥೆಯೂ ಸ್ಥಾಪಿತವಾಗಿ, ಮೈಕೊ ಪ್ಲಗ್ಗೆಂಬುದು ಈ ನಾಡಿನ ಮೆಕ್ಯಾನಿಕ್ಕುಗಳ ಬಾಯಲ್ಲಿ ಮನೆಮಾತಾದದ್ದನ್ನು ಇಲ್ಲಿ ಜ್ಞಾಪಿಸಿಕೊಳ್ಳಬಹುದು.)

ಓಟಗಾರರಾದರೋ ಊರೆಲ್ಲ ಬಿಟ್ಟದ್ದನ್ನೇ ಹಿಡಿದರು. ವೇಗ ಏರಿದಂತೆ, ಕಾಯಿಲಿನ ವಿದ್ಯುತ್ತನ್ನು ಕೂಡಿಸಿ ಕಡಿಯುವ ಪಾಯಿಂಟುಗಳು ಮುಚ್ಚಿರುವ ಕಾಲ ಕುಗ್ಗಿ, ಕಾಯಿಲ್ ತುಂಬಿಕೊಳ್ಳಲು ಅವಕಾಶವಿಲ್ಲದೆ ಬ್ಯಾಟರಿಯ ಕಿಡಿ ಕ್ಷೀಣಿಸುವುದು. ಮ್ಯಾಗ್ನೆಟೊದಲ್ಲಿ ಅಯಸ್ಕಾಂತ ಎಷ್ಟು ಬೇಗ ತಿರುಗಿದರೆ ಅಷ್ಟು ಬಲವಾದ ವಿದ್ಯುತ್ತು. ಅದಲ್ಲದೆ ಬ್ಯಾಟರಿ, ಜನರೇಟರು, ಸ್ಟಾರ್ಟರು ಇಷ್ಟನ್ನೂ ಕಿತ್ತೆಸೆದರೆ ಗಾಡಿಯ ತೂಕ ಅಷ್ಟರಮಟ್ಟಿಗೆ ಇಳಿಯಿತಷ್ಟೆ. ಸ್ವಿಟ್ಜರ್ಲೆಂಡಿನ ಸೊಲೊಥರ್ನ್ ಪಟ್ಟಣದ ಸಿಂಟಿಲ್ಲಾ ಕಂಪೆನಿಯ ವರ್ಟೆಕ್ಸ್ ಮ್ಯಾಗ್ನೆಟೊ, ಪ್ಲಗ್ಗುಗಳಿಗೆ ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರಿನ ಆಕಾರದಲ್ಲಿಯೇ ಇದ್ದು ಅದರ ಸ್ಥಾನದಲ್ಲಿಯೇ ಕೂರುತ್ತಿದ್ದುದರಿಂದ, ಕ್ಯಾಲಿಫೋರ್ನಿಯದಲ್ಲಿ ಜೋ ಹಂಟ್ ಮೊದಲಾದವರ ಕೈಯಲ್ಲಿ ಓಟಕ್ಕೆ ಹದಗೊಂಡು, ಡ್ರ್ಯಾಗ್‌ಸ್ಟರುಗಳ ಮೇಲೆ ಬಹುಕಾಲ ರಾರಾಜಿಸಿತು.

ಸ್ಟಾರ್ಟರಿಲ್ಲದ ಗಾಡಿಯನ್ನು ಹೊರಡಿಸುವ ಪದ್ಧತಿ ಆ ಕಾಲದ ವಿಶಿಷ್ಟ ದೃಶ್ಯಗಳಲ್ಲೊಂದು. ಹಿಂದಿನಿಂದ ಒಂದು ಟ್ರಕ್ಕು ಬಂದು ಡ್ರ್ಯಾಗ್‌ಸ್ಟರನ್ನು ನೂಕತೊಡಗುವುದು. ಚಾಲಕನು ಕ್ಲಚ್ಚನ್ನು ಬಿಟ್ಟು, ಎಂಜಿನ್ ಚಕ್ರಗಳಿಂದ ತಿರುಗಹತ್ತಿದರೂ ಮ್ಯಾಗ್ನೆಟೊದ ಗುಂಡಿಯನ್ನು ಮುಟ್ಟದೆ, ಎಣ್ಣೆಯ ಒತ್ತಡವನ್ನು ತೋರಿಸುವ ಮುಳ್ಳು ಏರುವವರೆಗೂ ಕಾದು, ಇಂಧನವನ್ನು ಬಿಟ್ಟು, ಆಮೇಲೆ ಗುಂಡಿಯನ್ನು ಎತ್ತಿದಾಗ ಎಂಜಿನ್ ಒಮ್ಮೆಗೇ ಬೊಬ್ಬಿರಿದು ಜೀವ ತಾಳುವುದು. ಬ್ಯಾಟರಿಯ ವ್ಯವಸ್ಥೆಯಲ್ಲಿ ಗುಂಡಿಯ ತಂತಿ ಕಡಿದರೆ ಕಿಡಿ ನಿಲ್ಲುವುದು. ಮ್ಯಾಗ್ನೆಟೊದಲ್ಲಿ ಆ ತಂತಿ ಗಾಡಿಯ ಲೋಹಕ್ಕೆ ತಾಗಿದರೆ ಮಾತ್ರ ಕಿಡಿ ನಿಲ್ಲುವುದು, ಕಡಿದರೆ ನಿಲ್ಲುವುದೇ ಇಲ್ಲ. ಈ ವಿಪರೀತ ಧರ್ಮವನ್ನು ಅರಿಯದೆ ಮ್ಯಾಗ್ನೆಟೊದ ಬಳಿ ಸುಳಿಯುವವನಿಗೆ ಅಪಾಯ ತಪ್ಪಿದ್ದಲ್ಲ.

ಕಿಡಿಯ ಮುಹೂರ್ತವನ್ನು ನಿಶ್ಚಯಿಸುವ ಕೆಲಸವೂ ಕೈಬೆರಳಿನ ವಿದ್ಯೆಯೇ ಆಗಿದ್ದಿತು. ಕ್ರ್ಯಾಂಕಿನ ತುದಿಯ ಗುರುತು ಬೇಕಾದ ಡಿಗ್ರಿಗೆ ಬರುವಂತೆ ಎಂಜಿನ್ನನ್ನು ಕೈಯಿಂದ ತಿರುಗಿಸಿ, ಪಾಯಿಂಟುಗಳ ನಡುವೆ ತೆಳುವಾದ ಕಾಗದದ ತುಂಡೊಂದನ್ನು ಸಿಕ್ಕಿಸಿ, ಅದನ್ನು ಹಗುರವಾಗಿ ಜಗ್ಗುತ್ತ ಮ್ಯಾಗ್ನೆಟೊದ ಮೈಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರೆ, ಪಾಯಿಂಟು ತೆರೆಯುವ ಕ್ಷಣದಲ್ಲಿ ಕಾಗದ ಸಡಿಲವಾಗಿ ಕೈಗೆ ಬರುವುದು. ಅಲ್ಲಿಗೆ ಬೋಲ್ಟನ್ನು ಬಿಗಿಯತಕ್ಕದ್ದು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಬೈಕುಗಳ ಟೈಮಿಂಗನ್ನು ಸಿಗರೇಟಿನ ಹಾಳೆಯಿಂದ ಕೂಡಿಸುತ್ತಿದ್ದ ನಮ್ಮ ಹಳೆಯ ಮೆಕ್ಯಾನಿಕ್ಕರಿಗೆ ಈ ಉಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮ್ಯಾಗ್ನೆಟೊದ ಮೇಲಿನ ಅವರ ನಿಷ್ಠೆ ಬರಿಯ ಮಮಕಾರದ್ದಲ್ಲವೆಂಬುದನ್ನು ನೈಟ್ರೊಮೀಥೇನ್ ಎಂಬ ಇಂಧನ ತೋರಿಸಿಕೊಟ್ಟಿತು. 1957ರಿಂದ 1963ರವರೆಗೆ ಅಸೋಸಿಯೇಷನ್ ಇದನ್ನು ನಿಷೇಧಿಸಿದ್ದರೂ, ನಿಷೇಧ ತೊಲಗಿದೊಡನೆ ಅದೇ ಅಗ್ರಪಟ್ಟವನ್ನು ಏರಿತು. ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕಾದಲ್ಲಿ ನೈಟ್ರೊಮೀಥೇನಿಗೆ 1.7 ಪಾಲು ಸಾಕು. ಆದುದರಿಂದ ಸಿಲಿಂಡರಿನೊಳಕ್ಕೆ ಇಂಧನವನ್ನು ಹೆಚ್ಚುಕಡಿಮೆ ಸುರಿಯಬಹುದು, ಸುರಿಯುವರು. ಹೀಗೆ ತೊಯ್ದು ತೊಪ್ಪೆಯಾದ ಮಿಶ್ರಣಕ್ಕೆ ಬೆಂಕಿ ಹತ್ತಬೇಕಾದರೆ ಕಿಡಿಯಲ್ಲಿ ದಂಡಿಯಾದ ವಿದ್ಯುತ್ತು ಬೇಕು, ಮತ್ತು ಅದು ಬಹಳ ಮುಂಚೆ ಹಾರಬೇಕು: ಪೆಟ್ರೋಲಿನ ಓಟದ ಎಂಜಿನ್ನಿಗೆ 30ರಿಂದ 40 ಡಿಗ್ರಿ ಸಾಕಾದರೆ ಇದಕ್ಕೆ 50ನ್ನು ಮೀರಬೇಕು. ಒಂದು ಪ್ಲಗ್ ತಪ್ಪಿದರೂ ಆ ಸಿಲಿಂಡರಿನಲ್ಲಿ ದ್ರವ ತುಂಬಿ, ದ್ರವವು ಸಂಕೋಚಕ್ಕೆ ಒಳಗಾಗದ ಪದಾರ್ಥವಾದ ಕಾರಣ, ಪಿಸ್ಟನ್ ಮೇಲೇರಿದಾಗ ಸಿಲಿಂಡರಿನ ತಲೆಯೇ ಎದ್ದುಬರಬಹುದು. ಈ ಭಯದಿಂದಲೇ ಸಿಲಿಂಡರಿಗೆ ಎರಡೆರಡು ಪ್ಲಗ್ಗುಗಳೂ ಎಂಜಿನ್ನಿಗೆ ಎರಡು ಮ್ಯಾಗ್ನೆಟೊಗಳೂ ರೂಢಿಗೆ ಬಂದವು.

ಪೆಟ್ರೋಲಿನ ವರ್ಗಗಳಲ್ಲಿ ಮಾತ್ರ ಕಥೆ ಬೇರೆ ದಾರಿಯನ್ನು ಹಿಡಿಯಿತು. ಪಾಯಿಂಟಿಲ್ಲದ ಎಲೆಕ್ಟ್ರಾನಿಕ್ ಕಿಡಿ 1973ರಲ್ಲಿ ಕ್ರೈಸ್ಲರ್ ಗಾಡಿಗಳಿಗೂ, 1975ರಲ್ಲಿ ಜನರಲ್ ಮೋಟಾರ್ಸಿನವರ ಗಾಡಿಗಳಿಗೂ ಸಾಮಾನ್ಯವಾಗಿ ಬಂದಿತು. ಅದೇ ದಶಕದಲ್ಲಿ ಟೆಕ್ಸಾಸಿನ ಎಲ್ ಪಾಸೊದಿಂದ ಎಂಎಸ್‌ಡಿ ಎಂಬ ಡಬ್ಬಿ ಹೊರಟು ಓಟದ ಅಂಗಳವನ್ನೆಲ್ಲ ಆಕ್ರಮಿಸಿತು. ಕಂಡೆನ್ಸರಿನಲ್ಲಿ ಕೂಡಿಟ್ಟ ನಾನೂರೈವತ್ತು ಐನೂರು ವೋಲ್ಟುಗಳ ವಿದ್ಯುತ್ತನ್ನು ಒಮ್ಮೆಗೇ ಕಾಯಿಲಿಗೆ ಸುರಿಯುವುದು ಇದರ ತಂತ್ರ. ಒಂದರ ಬದಲು ಹಲವು ಕಿಡಿಗಳನ್ನು ಹಾರಿಸುವುದೆಂಬುದು ಇದರ ಹೆಸರಿನಲ್ಲಿಯೇ ಅಡಗಿದ ಹೆಗ್ಗಳಿಕೆ. ಆದರೆ ಆ ಹಲವು ಕಿಡಿಗಳು ಸುಮಾರು 3,000 ಸುತ್ತುಗಳವರೆಗೆ ಮಾತ್ರವಾದುದರಿಂದ, ಅದಕ್ಕೆ ಮೇಲೆಯೇ ಬದುಕುವ ಓಟದ ಎಂಜಿನ್ನಿಗೆ ಅವುಗಳಿಂದಾದ ಲಾಭ ಮಾರುವವರು ಸಾರಿದಷ್ಟಲ್ಲವೆಂದು ನನ್ನ ಭಾವನೆ.

ಕಿಡಿಯ ಬಲವನ್ನು ಕುರಿತು ಇಷ್ಟೆಲ್ಲ ಡಂಗುರ ನಡೆಯುತ್ತಿದ್ದಾಗ ಅದಕ್ಕಿಂತ ದೊಡ್ಡ ಸುಧಾರಣೆಯೊಂದು ಸದ್ದಿಲ್ಲದೆ ಬಂದಿತು. ಡಿಸ್ಟ್ರಿಬ್ಯೂಟರಾಗಲಿ ಮ್ಯಾಗ್ನೆಟೊವಾಗಲಿ ಕಾಲವನ್ನು ತಿಳಿಯುತ್ತಿದ್ದುದು ಕ್ಯಾಮ್ ದಂಡದ ಮೂಲಕ. ಕ್ರ್ಯಾಂಕಿಗೂ ಅದಕ್ಕೂ ನಡುವೆ ಚೈನಿನ ಸಡಿಲ, ಹಲ್ಲುಚಕ್ರಗಳ ಆಟ, ದಂಡದ ತಿರುಚುವಿಕೆ ಇಷ್ಟೂ ಸೇರಿಕೊಂಡು, ಅರ್ಧ ವೇಗದಲ್ಲಿ ತಿರುಗುವ ಡಿಸ್ಟ್ರಿಬ್ಯೂಟರಿನ ಒಂದು ಡಿಗ್ರಿಯ ತೊನೆದಾಟ ಕ್ರ್ಯಾಂಕಿನಲ್ಲಿ ಎರಡು ಡಿಗ್ರಿಯ ತಪ್ಪಾಗಿ ಪರಿಣಮಿಸುತ್ತಿದ್ದಿತು. ಕ್ರ್ಯಾಂಕಿನ ಮೂತಿಗೇ ನಾಲ್ಕು ಅಯಸ್ಕಾಂತಗಳನ್ನು ಹುದುಗಿಸಿದ ಚಕ್ರವೊಂದನ್ನು ಕೂಡಿಸಿ, ಅವು ಹಾದುಹೋಗುವುದನ್ನು ಎಂಜಿನ್ನಿಗೆ ಬಿಗಿದ ಪಿಕಪ್ಪೊಂದು ಗ್ರಹಿಸುವಂತೆ ಮಾಡಿದ ಕ್ರ್ಯಾಂಕ್ ಟ್ರಿಗರ್ ಈ ಮಧ್ಯವರ್ತಿಗಳನ್ನೆಲ್ಲ ಒಮ್ಮೆಗೇ ದೂರಮಾಡಿತು. ಕಿಡಿಯ ಬಲ ಒಂದು ಕಡೆಯಿಂದಲೂ ಕಿಡಿಯ ಕಾಲ ಇನ್ನೊಂದು ಕಡೆಯಿಂದಲೂ ಬರುವಂತಾದ ಮೇಲೆ, ಬ್ಯಾಟರಿಯೋ ಮ್ಯಾಗ್ನೆಟೊವೋ ಎಂಬ ಹಳೆಯ ವ್ಯಾಜ್ಯದ ಅರ್ಧ ತೂಕ ತಾನಾಗಿ ಇಳಿದುಹೋಯಿತು. ಆಲ್ಟರ್ನೇಟರನ್ನು ತೆಗೆದ ಗಾಡಿಗಳಲ್ಲಿ ಬ್ಯಾಟರಿ ಸೋಲದಂತೆ 16 ವೋಲ್ಟಿನದನ್ನು ಇಡುವ ಪದ್ಧತಿಯೂ ಹುಟ್ಟಿತು.

ಆದರೂ ಟಾಪ್ ಫ್ಯೂಯಲ್ ಎಂಬ ಅತ್ಯುಚ್ಚ ವರ್ಗದಲ್ಲಿ ಇಂದಿಗೂ ಎಂಜಿನ್ನಿನ ಮುಂದೆ ಕುಳಿತಿರುವುವು 44 ಆಂಪಿಯರಿನ ಎರಡು ಮ್ಯಾಗ್ನೆಟೊಗಳೇ. ಅಷ್ಟು ಪ್ರಬಲವಾದ ಕಿಡಿಯೂ ಅರ್ಧ ದಾರಿಯವರೆಗಿನ ಮಾತು. ಆ ವೇಳೆಗೆ ಪ್ಲಗ್ಗುಗಳ ತುದಿಗಳು ಸುಟ್ಟು ಸವೆದು, ಉಳಿದ ದಾರಿಯಲ್ಲಿ ಎಂಜಿನ್ ಒತ್ತಡದ ಕಾವಿನಿಂದಲೇ ಉರಿಯುತ್ತ ಓಡುವುದು, ಇಂಧನವನ್ನು ಕಡಿದಲ್ಲದೆ ನಿಲ್ಲದು. 2008ರಿಂದ 1,000 ಅಡಿಗಳಿಗೆ ಇಳಿಸಿದ ಆ ಓಟದಲ್ಲಿ, ಯಂತ್ರವು ತಾನೇ ವಿವೇಚಿಸಿ ತಿದ್ದಿಕೊಳ್ಳುವ ಗಣಕಕ್ಕೆ ಕಟ್ಟಳೆಯಲ್ಲಿ ಎಡೆಯಿಲ್ಲ. ಆದಕಾರಣ ಟ್ಯೂನರನಾದವನು ನೆಲದ ಕಾವನ್ನೂ ಗಾಳಿಯ ತೇವವನ್ನೂ ನೋಡಿಕೊಂಡು, ಗಾಡಿ ಹೊರಟ ಎಷ್ಟನೆಯ ಕ್ಷಣಾಂಶದಲ್ಲಿ ಎಷ್ಟು ಡಿಗ್ರಿ ಇಳಿಸುವುದು, ಎಲ್ಲಿ ಮರಳಿ ಏರಿಸುವುದು ಎಂಬುದನ್ನು ಮೊದಲೇ ಗೊತ್ತುಮಾಡಿ ಟೈಮರಿನಲ್ಲಿ ಕೂಡಿಸತಕ್ಕದ್ದು. ಆಮೇಲೆ ನಾಲ್ಕು ಸೆಕೆಂಡುಗಳೊಳಗೆ ಎಲ್ಲವೂ ಮುಗಿದು, ಎಂಜಿನ್ನನ್ನು ಪೂರ್ತಿ ಬಿಚ್ಚಿ, ಹದಿನಾರು ಪ್ಲಗ್ಗುಗಳನ್ನೂ ಸಾಲಾಗಿ ಇಟ್ಟು, ಯಾವುದು ಎಷ್ಟು ಸುಟ್ಟಿತೆಂದು ನೋಡಿ, ಮುಂದಿನ ಓಟದ ಡಿಗ್ರಿಗಳನ್ನು ಬರೆದುಕೊಳ್ಳಲು ಕುಳಿತುಕೊಳ್ಳುವನು.